ವರದಿ ನಾರ್ಮಲ್ ಬಂದ ಕೂಡಲೇ ಅಪ್ಪ ಶುಗರ್ ಗುಳಿಗೆ ಬಿಡುತ್ತಾರೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿ. ನಾನು ಕೆಲಸದ ನಿಮಿತ್ತ ಬೆಂಗಳೂರಿನಲ್ಲಿದ್ದೇನೆ. ಒಕ್ಕಲುತನ ಮಾಡುವ ಅಪ್ಪನಿಗೆ 58 ವರ್ಷ, ಆರು ವರ್ಷಗಳಿಂದ ಶುಗರ್ ಇದೆ. ಗ್ಲಿಮಿಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಗುಳಿಗೆಯನ್ನು ಬೆಳಿಗ್ಗೆ ಒಂದು, ರಾತ್ರಿ ಒಂದು ಬರೆದುಕೊಟ್ಟಿದ್ದಾರೆ. ಖಾಲಿ ಹೊಟ್ಟೆಯ ಪರೀಕ್ಷೆ 118 ಬಂತೆಂದು ಅಪ್ಪ ಗುಳಿಗೆ ಬಿಟ್ಟರು. ಆದರೆ ಅದೇ ವರದಿಯಲ್ಲಿ ಎಚ್‌ಬಿಎ1ಸಿ 9.2 ಎಂದಿದೆ. ಕೇಳಿದರೆ, "ನಂಗೇನೂ ಆಗಿಲ್ಲ ಬಿಡವಾ, ಆರಾಮ ಇದ್ದೀನಿ. ಗುಳಗಿ ತಗೊಂಡ ದಿನಾನೇ ಹೊಲದಾಗ ಮೈ ನಡಗತದ, ಬೆವರ ಬರತದ. ಅದು ಹೀಟ್ ಗುಳಗಿ, ಕಿಡ್ನಿ ಹೋಗತಾವ" ಎನ್ನುತ್ತಾರೆ. ಅವ್ವ ಬೈದು ಬೈದು ಸಾಕಾಗಿದ್ದಾಳೆ. ಇನ್ಸುಲಿನ್ ಬೇಕಾಗಬಹುದು ಎಂದು ಡಾಕ್ಟರ್ ಹೇಳಿದ ಮೇಲೆ ದವಾಖಾನೆಗೆ ಹೋಗುವುದನ್ನೇ ನಿಲ್ಲಿಸಿದ್ದಾರೆ. ಅವರ ಹಟವನ್ನು ಹೇಗೆ ಬಿಡಿಸುವುದು?

ಉತ್ತರ: ನಿಮ್ಮ ತಂದೆಯವರು ಗುಳಿಗೆ ಬಿಡುವುದನ್ನು ನೀವು ಹಟ ಎಂದು ಕರೆದಿದ್ದೀರಿ. ನಿಮ್ಮ ಪತ್ರವನ್ನು ಓದಿದರೆ ನನಗೆ ಹಾಗೆ ಕಾಣುವುದಿಲ್ಲ. ಅವರು ಕೊಟ್ಟಿರುವ ಕಾರಣಗಳಲ್ಲಿ ಒಂದಂತೂ ಪೂರ್ತಿ ನಿಜವಾಗಿರುವ ಸಾಧ್ಯತೆ ಹೆಚ್ಚು. ಅದನ್ನು ಮನೆಯವರೂ ವೈದ್ಯರೂ ಯಾರೂ ಕಿವಿಗೊಟ್ಟು ಕೇಳಿದಂತಿಲ್ಲ.

ಮೊದಲು ವರದಿಯ ಗೊಂದಲವನ್ನು ಬಿಡಿಸೋಣ. ಎರಡು ಸಂಖ್ಯೆಗಳೂ ಸರಿಯಾಗಿರಬಹುದು. ಖಾಲಿ ಹೊಟ್ಟೆಯ 118 ರಕ್ತ ಕೊಟ್ಟ ಆ ಮುಂಜಾನೆಯ ಮಟ್ಟವನ್ನು ಮಾತ್ರ ಹೇಳುತ್ತದೆ. ಎಚ್‌ಬಿಎ1ಸಿ ಎಂಬುದು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬುದರ ಅಳತೆ. ಆ ಕಣಗಳ ಆಯುಸ್ಸು ಸುಮಾರು 120 ದಿನಗಳಾದ್ದರಿಂದ ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುತ್ತದೆ. 9.2 ಎಂದರೆ ಸರಾಸರಿ ಡೆಸಿಲೀಟರಿಗೆ ಸುಮಾರು 217 ಮಿಲಿಗ್ರಾಂ. ರಕ್ತಪರೀಕ್ಷೆ ಇದೆ ಎಂದು ತಿಳಿದ ಮೇಲೆ ಮೂರು ನಾಲ್ಕು ದಿನ ಗುಳಿಗೆಯನ್ನು ತಪ್ಪದೆ ನುಂಗಿ, ಹಿಂದಿನ ರಾತ್ರಿ ಅನ್ನ ಬಿಟ್ಟು ಬರುವವರು ನಮ್ಮ ಕಡೆ ಬಹಳ ಮಂದಿ. ಅಂಥವರ ಮುಂಜಾನೆಯ ಸಂಖ್ಯೆ ಚೆನ್ನಾಗಿಯೇ ಬರುತ್ತದೆ. ಮೂರು ತಿಂಗಳ ಲೆಕ್ಕ ಮಾತ್ರ ಅದಕ್ಕೆ ಬಗ್ಗುವುದಿಲ್ಲ. ಊಟದ ನಂತರವಷ್ಟೇ ಸಕ್ಕರೆ ವಿಪರೀತ ಏರುವವರಲ್ಲಿಯೂ ಇಂಥ ಅಂತರ ಕಾಣುತ್ತದೆ. ಆದ್ದರಿಂದ ಮುಂದಿನ ಸಲ ಊಟ ಶುರುಮಾಡಿ ಎರಡು ಗಂಟೆಯಾದ ಮೇಲಿನ ಪರೀಕ್ಷೆಯನ್ನೂ ಮಾಡಿಸಿ. ಹೆಚ್ಚಿನವರಿಗೆ ಖಾಲಿ ಹೊಟ್ಟೆಯಲ್ಲಿ 80ರಿಂದ 130, ಊಟದ ಬಳಿಕ 180ರೊಳಗೆ, ಎಚ್‌ಬಿಎ1ಸಿ 7ರ ಆಸುಪಾಸು ಇರಬೇಕೆಂಬುದು ಗುರಿ. ವಯಸ್ಸಾದವರಿಗೆ, ಹೃದ್ರೋಗ ಇದ್ದವರಿಗೆ ಅದನ್ನು ಸ್ವಲ್ಪ ಸಡಿಲಿಸುತ್ತೇವೆ.

ಈಗ ಆ ನಡುಕದ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಸಾಲು ಅದೇ. ಗ್ಲಿಮಿಪಿರೈಡ್ ಮೇದೋಜೀರಕ ಗ್ರಂಥಿಯಿಂದ ಹೆಚ್ಚು ಇನ್ಸುಲಿನ್ ಹೊರಡಿಸುವ ಔಷಧ. ನೀವು ಉಂಡಿದ್ದೀರೋ ಇಲ್ಲವೋ ಎಂದು ಅದು ಕಾಯುವುದಿಲ್ಲ. ನುಂಗಿದ ಎರಡು ಮೂರು ಗಂಟೆಗಳಲ್ಲಿ ಅದರ ಬಲ ಹೆಚ್ಚಾಗಿರುತ್ತದೆ. ಚೀಟಿಯಲ್ಲಿ "ಬೆಳಿಗ್ಗೆ ತಿಂಡಿಗೆ ಮೊದಲು" ಎಂದು ಬರೆಯುವಾಗ ವೈದ್ಯರ ಮನಸ್ಸಿನಲ್ಲಿ ಇರುವುದು ಎಂಟು ಗಂಟೆಗೆ ಉಪ್ಪಿಟ್ಟು ತಿನ್ನುವ ಪೇಟೆಯ ಮನೆ. ಹಳ್ಳಿಯ ಒಕ್ಕಲಿಗನ ದಿನಚರಿ ಬೇರೆ. ಅವರು ಆರು ಗಂಟೆಗೆ ಎದ್ದು ಒಂದು ಕಪ್ ಚಹಾ ಕುಡಿದು, ಆ ಚಹಾದ ಜೊತೆಗೇ ಗುಳಿಗೆ ನುಂಗಿ ಹೊಲಕ್ಕೆ ಹೊರಡುತ್ತಾರೆ. ತೊಗರಿ ಸಾಲಿನಲ್ಲಿ ಎಡೆ ಹೊಡೆದು, ಬುತ್ತಿ ಬಿಚ್ಚುವ ಹೊತ್ತಿಗೆ ಹತ್ತೂವರೆ ಹನ್ನೊಂದು ಆಗಿರುತ್ತದೆ. ಹೊಟ್ಟೆಯಲ್ಲಿ ಏನೂ ಇಲ್ಲ, ಮೈಮುರಿಯುವ ಕೆಲಸ ಸಕ್ಕರೆಯನ್ನು ಎಳೆದುಕೊಳ್ಳುತ್ತಿದೆ, ಮೇಲಿಂದ ಗುಳಿಗೆಯ ಬಲ ಏರುತ್ತಿದೆ. ಒಂಬತ್ತರ ಹೊತ್ತಿಗೆ ಕೈ ನಡುಗಿ, ತಣ್ಣನೆಯ ಬೆವರು ಬಂದು, ಎದೆ ಡವಗುಟ್ಟಿ, ಕಣ್ಣು ಕತ್ತಲಿಟ್ಟರೆ ಅದು ಗುಳಿಗೆಯ "ಹೀಟ್" ಅಲ್ಲ, ರಕ್ತದ ಸಕ್ಕರೆ ಕುಸಿದದ್ದು. ಇದನ್ನು ಎರಡು ಸಲ ಅನುಭವಿಸಿದ ಯಾವ ವಿವೇಕಿಯೂ ಮೂರನೆಯ ಸಲ ಆ ಗುಳಿಗೆಯನ್ನು ಮುಟ್ಟುವುದಿಲ್ಲ.

ಖಚಿತಪಡಿಸಿಕೊಳ್ಳುವುದು ಕಷ್ಟವಲ್ಲ. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಅದನ್ನು ಬುತ್ತಿಯ ಚೀಲದಲ್ಲಿಟ್ಟು ಕಳುಹಿಸಿ, ನಡುಕ ಬಂದಾಗ ಒಂದು ಹನಿ ರಕ್ತ ನೋಡಲಿ. 70ಕ್ಕಿಂತ ಕಡಿಮೆ ಇದ್ದರೆ ಸಂಶಯವೇ ಇಲ್ಲ. 90, 100 ಇದ್ದರೂ ಅವರ ಮಾತನ್ನು ಸುಳ್ಳೆನ್ನಬೇಡಿ. ತಿಂಗಳುಗಟ್ಟಲೆ 200ರ ಮೇಲೆ ಇದ್ದು ರೂಢಿಯಾದ ದೇಹಕ್ಕೆ ಸಕ್ಕರೆ ಸಾಮಾನ್ಯ ಮಟ್ಟಕ್ಕೆ ಬೇಗನೆ ಇಳಿದರೂ ಅದೇ ನಡುಕ ಬರುವುದುಂಟು. ಗುಳಿಗೆಯನ್ನು ನಾಲ್ಕು ದಿನ ಬಿಟ್ಟು ಐದನೆಯ ದಿನ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ನಡುಕ ಬಂದ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು, ಹದಿನೈದು ನಿಮಿಷ ಕುಳಿತು ಮತ್ತೆ ನೋಡಬೇಕು, ನಡುಕ ನಿಲ್ಲದಿದ್ದರೆ ಇನ್ನೊಮ್ಮೆ ಕುಡಿಯಬೇಕು, ಆಮೇಲೆ ರೊಟ್ಟಿ ತಿನ್ನಬೇಕು. ಹೊಲಕ್ಕೆ ಹೋಗುವವರು ಶೇಂಗಾ ಉಂಡಿ ಜೇಬಿನಲ್ಲಿಟ್ಟುಕೊಳ್ಳುವುದನ್ನು ನೋಡಿದ್ದೇನೆ; ಅದರ ಎಣ್ಣೆಯಂಶದಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ, ಆ ಹೊತ್ತಿಗೆ ಅದು ಸಾಲದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು.

ಪರಿಹಾರ ವೈದ್ಯರ ಕೈಯಲ್ಲಿದೆ, ಆದರೆ ಅವರಿಗೆ ಹೊಲದ ಹೊತ್ತು ತಿಳಿಯಬೇಕು. "ನಮ್ಮಪ್ಪ ಮೊದಲನೇ ಊಟ ಮಾಡುವುದು ಹನ್ನೊಂದಕ್ಕೆ" ಎಂಬ ಒಂದೇ ವಾಕ್ಯವನ್ನು ಹೇಳಿದರೆ ಸಾಕು. ಮುಂಜಾನೆಯ ಗುಳಿಗೆಯನ್ನು ಬುತ್ತಿಯ ಹೊತ್ತಿಗೆ ಸರಿಸಬಹುದು, ಗ್ಲಿಮಿಪಿರೈಡ್‌ನ ಪ್ರಮಾಣ ಇಳಿಸಬಹುದು, ಅಥವಾ ಅದನ್ನು ತೆಗೆದು, ತಾನಾಗಿಯೇ ಸಕ್ಕರೆ ಕುಸಿಯುವಂತೆ ಮಾಡುವುದು ತೀರ ಅಪರೂಪವಾದ ಸಿಟಾಗ್ಲಿಪ್ಟಿನ್‌ನಂಥ ಔಷಧ ಕೊಡಬಹುದು. 2022ರಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಬೆಲೆ ಬಹಳ ಇಳಿದಿದೆ, ಜನೌಷಧಿ ಅಂಗಡಿಗಳಲ್ಲಿಯೂ ಸಿಗುತ್ತದೆ. ಗುಳಿಗೆಯನ್ನು ಅರ್ಧ ಮುರಿದು ನುಂಗುವ ಉಪಾಯವನ್ನು ಮಾತ್ರ ಮಾಡಬೇಡಿ. ಹೆಸರಿನ ಮುಂದೆ ಎಸ್‌ಆರ್ ಎಂದಿದ್ದರೆ ಅದು ನಿಧಾನವಾಗಿ ಕರಗಲೆಂದು ಮಾಡಿದ ಗುಳಿಗೆ. ಮುರಿದರೆ, ಅಗಿದರೆ ಆ ಗುಣ ಕೆಡುತ್ತದೆ. ಇಂಥ ಕೆಲವು ಗುಳಿಗೆಗಳ ಖಾಲಿ ಕವಚ ಮಲದಲ್ಲಿ ಹೊರಬರುವುದುಂಟು. ಅದನ್ನು ಕಂಡು "ಗುಳಗಿ ಕರಗೇ ಇಲ್ಲ, ಸುಮ್ಮನ ರೊಕ್ಕ ದಂಡ" ಎಂದು ಬಿಟ್ಟವರಿದ್ದಾರೆ. ಔಷಧ ಒಳಗೆ ಸೇರಿರುತ್ತದೆ, ಹೊರಬಂದದ್ದು ಸಿಪ್ಪೆ ಮಾತ್ರ.

ಕಿಡ್ನಿಯ ಭಯಕ್ಕೂ ನೇರ ಉತ್ತರ ಬೇಕು. ಮೆಟ್‌ಫಾರ್ಮಿನ್ ಮೂತ್ರಪಿಂಡವನ್ನು ಕೆಡಿಸುವುದಿಲ್ಲ. ವರ್ಷಗಟ್ಟಲೆ ಹತೋಟಿಯಿಲ್ಲದ ಸಕ್ಕರೆ ಮತ್ತು ರಕ್ತದೊತ್ತಡ ಕೆಡಿಸುತ್ತವೆ. ಮೂತ್ರಪಿಂಡ ಬೇರೆ ಕಾರಣಕ್ಕೆ ಕುಂದಿದಾಗ ಮೆಟ್‌ಫಾರ್ಮಿನ್ ಪ್ರಮಾಣವನ್ನು ಇಳಿಸುತ್ತೇವೆ, ತೀರ ಕುಂದಿದಾಗ ನಿಲ್ಲಿಸುತ್ತೇವೆ. ಡಾಕ್ಟರ್ "ಕಿಡ್ನಿ ಕೆಟ್ಟಿದೆ, ಈ ಗುಳಿಗೆ ಬೇಡ" ಎಂದದ್ದನ್ನು ಕೇಳಿದವರು ಕಾರಣವನ್ನೂ ಪರಿಣಾಮವನ್ನೂ ಅದಲು ಬದಲು ಮಾಡಿಕೊಂಡು ಊರಿಗೆಲ್ಲ ಹೇಳುತ್ತಾರೆ. ಅದೇ ಜನ ಸೊಂಟನೋವಿಗೆ, ಮೊಣಕಾಲು ನೋವಿಗೆ ಅಂಗಡಿಯಿಂದ ಡೈಕ್ಲೋಫಿನಾಕ್ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗುತ್ತಾರೆ. ಶುಗರ್ ಇದ್ದವರ ಮೂತ್ರಪಿಂಡಕ್ಕೆ ನಿಜವಾಗಿ ಏಟು ಕೊಡುವ ಗುಳಿಗೆ ಅದು, ಅದರ ಬಗ್ಗೆ ಯಾರಿಗೂ ಹೆದರಿಕೆಯಿಲ್ಲ. ನಿಮ್ಮ ತಂದೆಯವರ ಜೇಬಿನಲ್ಲಿ ಅಂಥದ್ದೇನಾದರೂ ಇದೆಯೇ ಎಂದು ಅವ್ವನನ್ನು ಕೇಳಿ. ವರ್ಷಕ್ಕೊಮ್ಮೆ ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಅವರಿಗೇ ಓದಿ ಹೇಳಿ. ಎಂಥ ಭರವಸೆಯ ಮಾತಿಗಿಂತಲೂ ತಮ್ಮದೇ ಹೆಸರಿರುವ ಕಾಗದಕ್ಕೆ ಹೆಚ್ಚು ಬೆಲೆ. ಮೆಟ್‌ಫಾರ್ಮಿನ್ ಬಹುಕಾಲ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದು ನಿಜ. ಕಾಲು ಜೋಮು ಹಿಡಿಯುತ್ತಿದ್ದರೆ ಅದನ್ನೂ ನೋಡಿಸಬೇಕು.

ನಾರ್ಮಲ್ ಬಂದ ಮೇಲೆ ಗುಳಿಗೆ ಬಿಡಬಾರದೇ ಎಂಬುದು ತಪ್ಪು ಪ್ರಶ್ನೆಯೇನಲ್ಲ. ಜ್ವರದ ಗುಳಿಗೆಯನ್ನು ಜ್ವರ ಬಿಟ್ಟ ಮೇಲೆ ನಿಲ್ಲಿಸುವವರು ಇದನ್ನೂ ಹಾಗೆಯೇ ಎಣಿಸುವುದು ಸಹಜ. ಇಲ್ಲಿ ಸಂಖ್ಯೆ ಸರಿಯಾಗಿರುವುದು ಗುಳಿಗೆ ಇರುವುದರಿಂದ. ತೂಕವನ್ನು ಚೆನ್ನಾಗಿ ಇಳಿಸಿ, ಔಷಧವಿಲ್ಲದೆಯೇ ಮೂರು ತಿಂಗಳಾದರೂ ಎಚ್‌ಬಿಎ1ಸಿ 6.5ಕ್ಕಿಂತ ಕಡಿಮೆ ಉಳಿಸಿಕೊಂಡವರೂ ಇದ್ದಾರೆ, ಅದಕ್ಕೆ ಉಪಶಮನ ಎನ್ನುತ್ತೇವೆ. ರೋಗ ಹೊಸದಾಗಿದ್ದಾಗ, ವೈದ್ಯರ ಕಣ್ಗಾವಲಿನಲ್ಲಿ ಅದು ಆಗುವ ಕೆಲಸ, 9.2 ಇದ್ದಾಗ ತಾವಾಗಿ ಬಿಡುವುದು ಅದಲ್ಲ. ಬ್ರಿಟನ್ನಿನಲ್ಲಿ ಹೊಸದಾಗಿ ಶುಗರ್ ಕಂಡ ಸಾವಿರಾರು ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 1998ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಇಟ್ಟುಕೊಂಡವರಿಗೆ ಕಣ್ಣು, ಮೂತ್ರಪಿಂಡಗಳಂಥ ಸಣ್ಣ ರಕ್ತನಾಳಗಳ ತೊಂದರೆ ನಾಲ್ಕನೆಯ ಒಂದು ಪಾಲು ಕಡಿಮೆಯಾಯಿತು. ಮುಂದಿನ ಹತ್ತು ವರ್ಷ ಎರಡೂ ಗುಂಪಿನವರ ಸಕ್ಕರೆ ಒಂದೇ ಮಟ್ಟಕ್ಕೆ ಬಂದರೂ ಮೊದಲಿನ ಹತೋಟಿಯ ಲಾಭ ಉಳಿದೇ ಇತ್ತು ಎಂದು 2008ರಲ್ಲಿ ಕಂಡುಬಂತು. "ಆರಾಮ ಇದ್ದೀನಿ" ಎನ್ನುವ ಈ ವರ್ಷಗಳಲ್ಲಿಯೇ ಮುಂದಿನ ವರ್ಷಗಳ ಲೆಕ್ಕ ನಡೆಯುತ್ತಿರುತ್ತದೆ.

ಬೈಗುಳದ ಬಗ್ಗೆ ನನ್ನ ಅಭಿಪ್ರಾಯ ಖಡಕ್ಕಾಗಿದೆ: ಅದು ಗುಳಿಗೆಯನ್ನು ನುಂಗಿಸುವುದಿಲ್ಲ, ನುಂಗಿದೆ ಎಂದು ಹೇಳಿಸುತ್ತದೆ. ದೀರ್ಘಕಾಲದ ರೋಗಗಳಿಗೆ ಔಷಧವನ್ನು ಹೇಳಿದಂತೆ ತೆಗೆದುಕೊಳ್ಳುವವರು ಮುಂದುವರಿದ ದೇಶಗಳಲ್ಲಿಯೂ ಸರಾಸರಿ ಅರ್ಧದಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿಯೇ ಹೇಳಿತ್ತು. ಅಂದ ಮೇಲೆ ತಪ್ಪುವುದು ನಿಮ್ಮ ಮನೆಯ ಅವಮಾನವೇನಲ್ಲ. ಫೋನಿನಲ್ಲಿ "ಗುಳಗಿ ತಗೊಂಡೀರಿಲ್ಲೋ?" ಎಂದು ಕೇಳಿದರೆ "ಹೂಂ" ಎಂಬ ಒಂದೇ ಉತ್ತರ ಬರುತ್ತದೆ. "ಅಪ್ಪಾ, ಈ ವಾರ ಎಷ್ಟ ಸಲ ತಪ್ಪಿತು?" ಎಂದು ಕೇಳಿ ನೋಡಿ. ತಪ್ಪುವುದು ಸಹಜ ಎಂದು ಒಪ್ಪಿಕೊಂಡ ಪ್ರಶ್ನೆಗೆ ನಿಜ ಹೇಳುವುದು ಸುಲಭ. ಎರಡು ಸಲ, ಸಂತೆಯ ದಿನ ಮತ್ತು ಮದುವೆಗೆ ಹೋದ ದಿನ ಎಂದು ಅವರು ಹೇಳಿದರೆ ನಿಮಗೆ ಕೆಲಸಕ್ಕೆ ಬರುವ ಸಂಗತಿ ಸಿಕ್ಕಂತಾಯಿತು: ಮನೆಯಿಂದ ಹೊರಗಿದ್ದ ದಿನ ಗುಳಿಗೆ ಜೊತೆಗೆ ಇರಲಿಲ್ಲ.

ಮರೆವಿಗೆ ಮೊಬೈಲ್ ಅಲಾರಂಗಿಂತ, ಅವರು ಎಂದೂ ಮರೆಯದ ಇನ್ನೊಂದು ಕೆಲಸಕ್ಕೆ ಗುಳಿಗೆಯನ್ನು ಕಟ್ಟಿಹಾಕುವುದು ಹೆಚ್ಚು ಫಲ ಕೊಡುತ್ತದೆ. ನಮ್ಮ ಭಾಗದ ಹಿರಿಯರು ಗುಳಿಗೆ ಮರೆತಾರು, ಎಲೆ ಅಡಿಕೆಯ ಸಂಚಿಯನ್ನು ಮರೆಯುವುದಿಲ್ಲ. ಊಟವಾದ ಮೇಲೆ ಕೈ ತಾನಾಗಿಯೇ ಸಂಚಿಗೆ ಹೋಗುತ್ತದೆ. ಆ ದಿನದ ಗುಳಿಗೆಯನ್ನು ಸ್ಟ್ರಿಪ್ಪಿನಿಂದ ಕವರ್ ಸಮೇತ ಕತ್ತರಿಸಿ ಸಂಚಿಯ ಒಂದು ಖಾನೆಯಲ್ಲಿ ಇಟ್ಟರೆ ಸುಣ್ಣದ ಡಬ್ಬಿಗೂ ಮೊದಲು ಅದು ಕೈಗೆ ಸಿಗುತ್ತದೆ. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಊಟದ ಜೊತೆಗೆ ಅಥವಾ ಊಟ ಮುಗಿದ ಕೂಡಲೇ ನುಂಗಬಹುದು. ಹೊಟ್ಟೆಯ ಸಂಕಟವೂ ಕಡಿಮೆ. ಗ್ಲಿಮಿಪಿರೈಡ್ ಇರುವ ಗುಳಿಗೆಯಾದರೆ ರೊಟ್ಟಿಯ ಗಂಟು ಬಿಚ್ಚುವಾಗಲೇ ನುಂಗಬೇಕಾದ್ದರಿಂದ ಅದರ ಜಾಗ ಸಂಚಿಯಲ್ಲ, ಬುತ್ತಿ. ಸಂಚಿಯಲ್ಲಿ ತಂಬಾಕೂ ಇದ್ದರೆ ಅದರ ಬಗ್ಗೆ ಬೇರೆಯೇ ಜಗಳ ಆಡಬೇಕಾಗುತ್ತದೆ, ಆದರೆ ಎರಡೂ ಜಗಳಗಳನ್ನು ಒಂದೇ ವಾರ ಆಡಬೇಡಿ. ಮನೆಯಲ್ಲಿ ಏಳು ದಿನಗಳ ಖಾನೆಯಿರುವ ಡಬ್ಬಿ ಇಟ್ಟು ಅವ್ವ ಭಾನುವಾರ ತುಂಬಿಟ್ಟರೆ, ನುಂಗಿದೆನೋ ಇಲ್ಲವೋ ಎಂಬ ಅನುಮಾನದಲ್ಲಿ ಎರಡು ಸಲ ನುಂಗುವುದೂ ತಪ್ಪುತ್ತದೆ. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು.

ಇನ್ನು ತಿಂಗಳ ಕೊನೆಯ ತಪ್ಪು. ಗುಳಿಗೆ ಮುಗಿದಿದೆ, ಬಿತ್ತನೆ ನಡೆದಿದೆ, ಪೇಟೆಗೆ ಹೋಗಲು ಯಾರಿಗೂ ಬಿಡುವಿಲ್ಲ. ಆಗ ಹಳೆಯ ಸ್ಟ್ರಿಪ್ ತೋರಿಸಿ ಅಂಗಡಿಯವನು ಕೊಟ್ಟದ್ದನ್ನು ತರುತ್ತಾರೆ. ಹೆಸರು ಅದೇ ಇದ್ದು ಗ್ಲಿಮಿಪಿರೈಡ್ 1ರ ಬದಲು 2 ಬಂದಿರುತ್ತದೆ. ಹೆಸರಿನ ಪಕ್ಕದ ಸಂಖ್ಯೆಯನ್ನು ಓದುವ ಅಭ್ಯಾಸ ಮನೆಯ ಒಬ್ಬರಿಗಾದರೂ ಇರಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ರೋಗಗಳ) ವಿಭಾಗದಲ್ಲಿ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಉಚಿತವಾಗಿ ಸಿಗುತ್ತವೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ರಾಜ್ಯದ ಗೃಹ ಆರೋಗ್ಯ ಯೋಜನೆ ಮನೆಬಾಗಿಲಿನ ತಪಾಸಣೆಯ ಉದ್ದೇಶದ್ದು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಬಳಿ ತಂದೆಯವರ ಹೆಸರು ದಾಖಲಾಗಿದೆಯೇ ಎಂದು ಒಮ್ಮೆ ವಿಚಾರಿಸಿ. ಗುಳಿಗೆ ಹತ್ತು ಉಳಿದಾಗಲೇ ತರುವ ವ್ಯವಸ್ಥೆ ಇರಲಿ, ಎರಡು ಉಳಿದಾಗಲ್ಲ.

ಊಟದ ವಿಷಯದಲ್ಲಿ ಕಲಬುರಗಿ, ಬೀದರ್, ಯಾದಗಿರಿಯವರಿಗೆ ಹೊಸ ಆಹಾರದ ಅಗತ್ಯವಿಲ್ಲ. ಜೋಳದ ರೊಟ್ಟಿ, ತೊಗರಿ ಬೇಳೆ, ಪುಂಡಿ ಪಲ್ಯ, ಮೆಂತ್ಯ, ಮೊಳಕೆ ಕಾಳು, ಜೊತೆಗೆ ಹಸಿ ಉಳ್ಳಾಗಡ್ಡಿ, ಸೌತೆ, ಮೂಲಂಗಿ ಇರುವ ತಾಟು ಚೆನ್ನಾಗಿಯೇ ಇದೆ. ತೊಡಕಿರುವುದು "ಜ್ವಾಳದ ರೊಟ್ಟಿಗೆ ಶುಗರ್ ಏರಂಗಿಲ್ಲ" ಎಂಬ ನಂಬಿಕೆಯಲ್ಲಿ. ಜೋಳದಲ್ಲಿಯೂ ನೂರು ಗ್ರಾಮಿಗೆ ಎಪ್ಪತ್ತು ಗ್ರಾಮಿನ ಆಸುಪಾಸು ಪಿಷ್ಟವಿದೆ. ಏರುವುದು ಅನ್ನಕ್ಕಿಂತ ನಿಧಾನ, ಅಷ್ಟೆ. ಮೂರು ರೊಟ್ಟಿ ತಿಂದು ಮೇಲೆ ಒಂದು ತಾಟು ಅನ್ನ ಸಾರು ಉಂಡರೆ ರೊಟ್ಟಿಯ ಲಾಭವೆಲ್ಲ ಅಲ್ಲಿಗೇ ಮುಗಿಯಿತು. ಮೊದಲು ಪಲ್ಯ ಬೇಳೆ ತಿಂದು ಆಮೇಲೆ ರೊಟ್ಟಿಗೆ ಕೈ ಹಾಕುವುದು, ಅನ್ನವನ್ನು ನಾಲ್ಕು ತುತ್ತಿಗೆ ನಿಲ್ಲಿಸುವುದು, ಉಂಡ ಮೇಲೆ ಹತ್ತು ಹದಿನೈದು ನಿಮಿಷ ಓಣಿಯಲ್ಲಿ ಅಡ್ಡಾಡುವುದು, ಇಷ್ಟರಿಂದಲೇ ಊಟದ ನಂತರದ ಸಂಖ್ಯೆ ಕಣ್ಣಿಗೆ ಕಾಣುವಷ್ಟು ಇಳಿಯುತ್ತದೆ. ಚಹಾವನ್ನು ಬಿಡಿಸಲು ಹೋಗಬೇಡಿ, ಆಗದ ಮಾತು. ಪ್ರತಿ ಕಪ್ಪಿಗೆ ಎರಡು ಚಮಚದಂತೆ ದಿನಕ್ಕೆ ಆರು ಕಪ್ಪು ಕುಡಿದರೆ ಹನ್ನೆರಡು ಚಮಚ ಸಕ್ಕರೆ ಎಂದು ಅವರೆದುರು ಒಂದು ಲೋಟಕ್ಕೆ ಅಳೆದು ಹಾಕಿ ತೋರಿಸಿ. ಹಾಗಲರಸ, ನೇರಳೆ ಬೀಜದ ಪುಡಿ ಯಾರಾದರೂ ಕೊಟ್ಟಿದ್ದರೆ, ಅದನ್ನು ಗುಳಿಗೆಯ ಬದಲು ತೆಗೆದುಕೊಳ್ಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಶ್ರಾವಣದ ಸೋಮವಾರಗಳು ಬೇರೆ ಎಚ್ಚರಿಕೆ ಬೇಡುತ್ತವೆ. ಊಟವಿಲ್ಲದ ಹೊತ್ತಿನಲ್ಲಿ ಗ್ಲಿಮಿಪಿರೈಡ್ ನುಂಗಿದರೆ ಸಕ್ಕರೆ ಕುಸಿಯುತ್ತದೆ. ಸಂಜೆ ಸಾಬೂದಾಣಿ ಖಿಚಡಿ, ಬಾಳೆಹಣ್ಣು, ಖರ್ಜೂರ ತಿಂದರೆ ಒಮ್ಮೆಲೇ ಏರುತ್ತದೆ. ಸಾಬೂದಾಣಿ ಬರೀ ಪಿಷ್ಟ. ರಂಜಾನ್ ಉಪವಾಸ ಹಿಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಗುಳಿಗೆಯ ಹೊತ್ತನ್ನೂ ಪ್ರಮಾಣವನ್ನೂ ಇಫ್ತಾರ್, ಸಹರಿಗೆ ಹೊಂದಿಸಿಕೊಡಲು ಸಾಧ್ಯವಿದೆ. ಉಪವಾಸ ಬಿಡಿ ಎಂದು ಗದರುವ ವೈದ್ಯರಿಗೆ ಹೇಳದೆಯೇ ಜನ ಉಪವಾಸ ಮಾಡುತ್ತಾರೆ, ಅಪಾಯ ಇರುವುದು ಅಲ್ಲಿ. ಆಷಾಢದಲ್ಲಿಯೇ ಹೋಗಿ "ಉಪವಾಸ ಮಾಡುವವನೇ, ಗುಳಿಗೆ ಹೇಗೆ?" ಎಂದು ಕೇಳುವುದು ಒಳ್ಳೆಯದು.

ಪಾದಗಳ ಬಗ್ಗೆ ಒಂದು ಮಾತು. ನರಗಳ ಸ್ಪರ್ಶ ಕುಂದಿದವರಿಗೆ ನಮ್ಮ ಏಪ್ರಿಲ್ ಮೇ ತಿಂಗಳ ನೆಲ ಸುಡುವುದೇ ತಿಳಿಯುವುದಿಲ್ಲ. ತುಳಜಾಪುರಕ್ಕೋ ಶ್ರೀಶೈಲಕ್ಕೋ ಬರಿಗಾಲಲ್ಲಿ ನಡೆಯುವ ಹರಕೆ ಹೊತ್ತು, ಹಿಮ್ಮಡಿಯ ಬೊಬ್ಬೆಯನ್ನು ವಾರದ ನಂತರ ವಾಸನೆಯಿಂದ ಪತ್ತೆಹಚ್ಚಿದವರನ್ನು ನೋಡಿದ್ದೇನೆ. ರಾತ್ರಿ ಕಾಲು ತೊಳೆದು ಬೆರಳ ಸಂದುಗಳನ್ನು ಅವ್ವ ನೋಡಲಿ. ಕೆಂಪಾಗಿದ್ದರೆ, ಗಾಯವಿದ್ದರೆ ನೋವಿಲ್ಲವೆಂದು ಸುಮ್ಮನಿರಬಾರದು. ಕಣ್ಣಿನ ಒಳಪದರದ ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು.

ಕೊನೆಯದಾಗಿ ಇನ್ಸುಲಿನ್. ಅದು ಕಡೆಯ ಹಂತವೆಂಬ ಭಯಕ್ಕೆ ಕಾರಣ, ಬಹಳ ತಡವಾಗಿ ಶುರುಮಾಡಿದ ನೆಂಟರನ್ನು ನೋಡಿದ್ದು. ಬೇಕಾಗಿ ಬಂದರೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಕರೆಂಟ್ ಹೋಗುವ ಮನೆಯಲ್ಲಿಯೂ ಇಡುವ ದಾರಿಯಿದೆ: ಇನ್ನೂ ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ, ಫ್ರೀಜರಿನಲ್ಲಲ್ಲ, ಬಳಕೆಯಲ್ಲಿರುವುದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನೀರು ಚಿಮುಕಿಸಿದ ಮಣ್ಣಿನ ಗಡಿಗೆಯೊಳಗೆ ನೆರಳಿನಲ್ಲಿ ಇಡಬಹುದು. ನಮ್ಮಲ್ಲಿ ಬಾಟಲಿಗಳು ಹೆಚ್ಚಾಗಿ ಯು-40 ಬಲದವು, ಅಂದರೆ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್ ಇರುವಂಥವು. ಅವಕ್ಕೆ ಯು-40 ಸಿರಿಂಜೇ ಬೇಕು, ಯು-100 ಸಿರಿಂಜ್ ಬಳಸಿದರೆ ಲೆಕ್ಕ ತಪ್ಪುತ್ತದೆ. ಆದರೆ ನಿಮ್ಮ ತಂದೆಯವರಿಗೆ ಈಗಲೇ ಅದು ಬೇಕೋ ಎಂಬುದನ್ನು 9.2ರ ಈ ವರದಿಯಿಂದ ನಿರ್ಧರಿಸಲಾಗದು, ಏಕೆಂದರೆ ಅದು ಗುಳಿಗೆ ಸೋತದ್ದರ ವರದಿಯಲ್ಲ, ಗುಳಿಗೆ ಹೊಟ್ಟೆಗೆ ಹೋಗದ ತಿಂಗಳುಗಳ ವರದಿ. ತೂಕ ವೇಗವಾಗಿ ಇಳಿಯುತ್ತಿದ್ದರೆ, ವಿಪರೀತ ದಾಹ, ವಾಂತಿ ಇದ್ದರೆ ತಡಮಾಡದೆ ಕರೆದೊಯ್ಯಿರಿ. ಇಲ್ಲವಾದರೆ ಈ ವಾರವೇ ಎಲ್ಲ ಸ್ಟ್ರಿಪ್ಪುಗಳನ್ನೂ, ನೋವಿನ ಗುಳಿಗೆಯನ್ನೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಲಿ. ನಡುಕದ ವಿಷಯವನ್ನು, ಬುತ್ತಿಯ ಹೊತ್ತನ್ನು ಅವರೇ ಬಾಯಿಬಿಟ್ಟು ಹೇಳಲಿ. ಬದಲಾಯಿಸಿ ಕೊಟ್ಟ ಔಷಧವನ್ನು ಮೂರು ತಿಂಗಳು ನಡೆಸಿ ಎಚ್‌ಬಿಎ1ಸಿ ಮತ್ತೆ ಮಾಡಿಸಿ. ಆಗಲೂ 8ರ ಮೇಲೆಯೇ ಇದ್ದರೆ ಇನ್ಸುಲಿನ್ ಬಗ್ಗೆ ಮಾತಾಡಲು ಆ ಸಂಖ್ಯೆಯನ್ನು ನಂಬಬಹುದು.